ಪಾರ್ಟಿ ಹೇಳಿದ್ದು

ಡೊಂಬಿವಲಿ ಪೂರ್ವದಲ್ಲಿ ನಮ್ಮ ಕರಾವಳಿಯವರ ಯಾವ ಮನೆಗೆ ಹೋಗಿ ಕಪಾಟು ತೆರೆದರೂ ರೇಷ್ಮೆ ಸೀರೆಗಳ ಅಡಿಯಲ್ಲಿ ಕುಶಲಣ್ಣ ತೆಗೆದ ಒಂದು ಮದುವೆ ಆಲ್ಬಮ್ ಇದ್ದೇ ಇರುತ್ತದೆ. ಕೆಲವು ಮನೆಗಳಲ್ಲಿ ತಾಯಿಯ ಮದುವೆಯದ್ದೂ ಮಗಳ ಮದುವೆಯದ್ದೂ ಅವನದ್ದೇ. ಮೀಸೆ ಚಿಗುರುವ ವಯಸ್ಸಿನಲ್ಲಿ ಕಾರ್ಕಳದ ಕಡೆಯಿಂದ ಬಂದು ಮಾವನ ಹೋಟೆಲಿನ ಗಲ್ಲಾದಲ್ಲಿ ಕುಳಿತವನು ಅವನು. ಗಿರಾಕಿಗಳ ಮುಖ ನೋಡುತ್ತ ಚಿಲ್ಲರೆ ಕೊಡುವುದನ್ನೇ ಮರೆಯುತ್ತಾನೆಂದು ಮಾವನೇ ಬೇಸತ್ತು ಪಕ್ಕದ ಫೋಟೊ ಸ್ಟುಡಿಯೊಗೆ ದಾಟಿಸಿಬಿಟ್ಟರು. ಹೋಟೆಲಿಗೆ ಅದು ಒಳ್ಳೆಯದಾಯಿತು. ಕುಶಲಣ್ಣನಿಗೂ ಒಳ್ಳೆಯದೇ ಆಯಿತು, ಮೊನ್ನೆ ಮೊನ್ನೆಯವರೆಗೆ.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಅವನ ಕೆಲಸ ಅರ್ಧವಾಯಿತು, ಸೊಕ್ಕು ಎರಡರಷ್ಟಾಯಿತು. ಒಂದು ಮದುವೆಗೆ ಸಾವಿರಗಟ್ಟಲೆ ಸಲ ಟಕಟಕ ಒತ್ತುವುದು, ಕಾರ್ಡು ಕಿತ್ತು ರಂಜನನ ಕೈಗೆ ಹಾಕುವುದು, ಕೈ ತೊಳೆದುಕೊಳ್ಳುವುದು. ಆಲ್ಬಮ್ ಆಗಿ ಬಂದದ್ದನ್ನು ತೆರೆದೂ ನೋಡುತ್ತಿರಲಿಲ್ಲ. ರಂಜನ್ ಎಂದರೆ ಸ್ಟುಡಿಯೊದ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಹೆಜಮಾಡಿಯವನು. ಕುಶಲಣ್ಣನೇ ಊರಿನಿಂದ ಕರೆತಂದು ಕೆಲಸ ಕಲಿಸಿ, ಮದುವೆ ಮಾಡಿಸಿ, ಅವನ ಮದುವೆ ಫೋಟೊವನ್ನೂ ಬಿಟ್ಟಿ ತೆಗೆದುಕೊಟ್ಟಿದ್ದ.

ಈ ಧಂದೆಯಲ್ಲಿ ಗಿರಾಕಿಗೆ ಗಿರಾಕಿ ಅನ್ನುವುದಿಲ್ಲ, ‘ಪಾರ್ಟಿ’ ಅನ್ನುತ್ತಾರೆ. ಪಾರ್ಟಿಗೆ ಸಾವಿರ ಬಯಕೆ. ಮದುಮಗಳು ಇನ್ನಷ್ಟು ಬೆಳ್ಳಗಾಗಬೇಕು, ಮಾವನ ಹೊಟ್ಟೆ ಒಳಗೆ ಹೋಗಬೇಕು, ಮದುವೆಯಾದ ವಾರದಲ್ಲೇ ಜಗಳ ಮಾಡಿದ ಚಿಕ್ಕಪ್ಪ ಫೋಟೊದಿಂದಲೇ ಹೊರಗೆ ಹೋಗಬೇಕು. ಕುಶಲಣ್ಣ ರಂಜನನಿಗೆ ಮೊದಲ ದಿನವೇ ಕಿವಿಯಲ್ಲಿ ಊದಿದ ಮಂತ್ರ ಇದು: “ಪಾರ್ಟಿ ಹೇಳಿದ ಹಾಗೆ ಮಾಡು. ಯಾಕೆ ಅಂತ ಕೇಳ್ಬೇಡ. ಯಾರು ಹೇಳಿದ್ದು ಅಂತ ಇನ್ನೊಬ್ಬರ ಹತ್ರ ಬಾಯಿ ಬಿಡ್ಬೇಡ. ಮನೆ ಮನೆ ಮಧ್ಯೆ ಬೆಂಕಿ ಹಾಕಿದ ಪಾಪ ನಮಗೆ ಬೇಡ.”

ಇಂಥವನ ಮನೆಯಲ್ಲೇ ಮದುವೆ ಬಂತು. ಒಬ್ಬಳೇ ಮಗಳು ದಿಶಾ, ಥಾಣೆಯ ಯತಿನನ ಕೈ ಹಿಡಿದಳು. ಧಾರೆ ಎರೆಯುವ ಅಪ್ಪ ಕ್ಯಾಮೆರಾ ಮುಟ್ಟಕೂಡದು ಎಂದು ಹೆಂಡತಿ ಜಯಲತಾ ಆಣೆ ಹಾಕಿಸಿದ್ದಳು. ಗ್ರೂಪ್ ಫೋಟೊ ಹೊತ್ತಿಗೆ ಕುಶಲಣ್ಣನ ಕೈ ತುರಿಸಿತು. ಬಾಡಿಗೆಗೆ ಬಂದ ಫೋಟೊಗ್ರಾಫರನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು ಕಣ್ಣಿಟ್ಟು ನೋಡಿದರೆ ಸಾಲಿನಲ್ಲಿ ಅಕ್ಕ ಇಲ್ಲ.

ವಸಂತಿ ಅಕ್ಕ ಅವನಿಗಿಂತ ಮೊದಲು ಹುಟ್ಟಿದವಳು. ಜಯಲತಾ ಲೋಕಲಿನಲ್ಲಿ ನೇತಾಡಿಕೊಂಡು ಥಾಣೆಯ ಕಚೇರಿಗೆ ಹೋಗಿ ಬರುತ್ತಿದ್ದ ವರ್ಷಗಳಲ್ಲಿ, ಅದೇ ಬಿಲ್ಡಿಂಗಿನ ಮೇಲಿನ ಮಾಳಿಗೆಯಲ್ಲಿದ್ದ ಅಕ್ಕನೇ ದಿಶಾಳಿಗೆ ಗಂಜಿ ಉಣಿಸಿದ್ದು, ಜಡೆ ಹೆಣೆದದ್ದು, ಜ್ವರ ಬಂದರೆ ಮಡಿಲಲ್ಲಿ ಮಲಗಿಸಿಕೊಂಡದ್ದು. ತುಳುವರಲ್ಲಿ ಅಪ್ಪನ ಅಕ್ಕ ಎಂದರೆ ಮಾಮಿ. ದಿಶಾ ಮೊದಲು ಕಲಿತ ಮಾತು ಅಮ್ಮ ಅಲ್ಲ, ಮಾಮಿ. ಆಮೇಲೆ ಅಕ್ಕ ಭಾವ ಐರೋಲಿಯಲ್ಲಿ ಸ್ವಂತ ಫ್ಲ್ಯಾಟ್ ಮಾಡಿ ಹೋದರು. ಕೊರೊನಾದಲ್ಲಿ ಭಾವ ತೀರಿಕೊಂಡರು. ಅಲ್ಲಿಂದೀಚೆ ಶುಭಕಾರ್ಯಗಳಲ್ಲಿ ಅಕ್ಕ ಅಡುಗೆಯವರ ಬಾಗಿಲು ಬಿಟ್ಟು ಈಚೆ ಬರುವುದಿಲ್ಲ. ಅವಳನ್ನು ಯಾರೂ ಬರಬೇಡ ಅನ್ನುವುದಿಲ್ಲ, ಬಾ ಎಂದೂ ಅನ್ನುವುದಿಲ್ಲ. ನಮ್ಮವರ ಮರ್ಯಾದೆ ಅಂಥ ನಾಜೂಕಿನದು.

“ಅಕ್ಕಾ, ಬಾ ಇಲ್ಲಿ!” ಎಂದು ಕುಶಲಣ್ಣ ಹಾಲ್ ನಡುಗುವಂತೆ ಕೂಗಿದ.

“ನನ್ನನ್ನು ಬಿಡು ಮಾರಾಯ. ನೀವು ನೀವು ನಿಲ್ಲಿ.”

“ನೀನು ಬರದಿದ್ರೆ ನಾನು ತೆಗಿಯುದೇ ಇಲ್ಲ. ಎಲ್ಲ ಹಸಿದುಕೊಂಡು ಹೀಗೇ ನಿಲ್ಲಲಿ.”

ಹಸಿದವರೆಲ್ಲ ಒಟ್ಟಾಗಿ ಅವಳನ್ನು ಮುಂದೆ ತಳ್ಳಿದರು. ಅಕ್ಕ ದಿಶಾಳ ಪಕ್ಕ ನಿಂತು, ಹೆದರಿ ಹೆದರಿ ಅವಳ ಹೆಗಲ ಮೇಲೆ ಕೈ ಇಟ್ಟಳು. ಕುಶಲಣ್ಣ ಒತ್ತಿದ. ಜೀವಮಾನದಲ್ಲಿ ತೆಗೆದ ಅತ್ಯುತ್ತಮ ಫೋಟೊ ಅದೆಂದು ಊಟದ ಪಂಕ್ತಿಯಲ್ಲಿ ನಾಲ್ಕು ಜನರಿಗೆ ಹೇಳಿಕೊಂಡ.

ಆಟಿ ತಿಂಗಳು ಬಂತು. ಹೊಸ ಮದುಮಗಳು ತವರಿಗೆ ಬಂದು ಕೂರುವ ತಿಂಗಳು ಅದು. ದಿಶಾ ಬಂದಿದ್ದಾಳೆಂದು ಅಕ್ಕ ಪತ್ರೊಡೆಗೆ ಕೆಸುವಿನ ಎಲೆ ಹಿಡಿದುಕೊಂಡು ಐರೋಲಿಯಿಂದ ಬಂದಳು. ಅದೇ ವಾರ ಆಲ್ಬಮ್ಮೂ ಬಂದಿತ್ತು. ಅಕ್ಕ ಸೆರಗಿನಲ್ಲಿ ಕೈ ಒರೆಸಿ, ಒಂದೊಂದೇ ಹಾಳೆ ಮಗುಚುತ್ತ ಗ್ರೂಪ್ ಫೋಟೊಗೆ ತಲುಪಿದಳು. ಅಲ್ಲಿ ಎಲ್ಲರೂ ಇದ್ದರು. ದಿಶಾಳ ಪಕ್ಕದಲ್ಲಿ ಅಕ್ಕ ನಿಂತಿದ್ದ ಜಾಗದಲ್ಲಿ ಮಾತ್ರ ಗೊಂಡೆಹೂವಿನ ಪರದೆ ಇತ್ತು. ಅಳಿಸಿದವನ ಅವಸರವೋ ಕಂಪ್ಯೂಟರಿನ ಪೆದ್ದುತನವೋ, ಮಗಳ ಹೆಗಲ ಮೇಲೆ ಯಾರದ್ದೂ ಅಲ್ಲದ ಮೂರು ಬೆರಳು ಉಳಿದಿದ್ದವು.

ಅಕ್ಕ ಅಳಲಿಲ್ಲ. ತಮ್ಮನ ಮುಖ ನೋಡಿ, “ಎಲ್ಲ ಚಂದ ಬಂದಿದೆ ಕುಶಲ. ನನ್ನ ಬೆರಳು ಮಾತ್ರ ಬಾಕಿ ಆಗಿದೆ ನೋಡು. ಅದನ್ನೂ ತೆಗ್ಸಿಬಿಡ್ಬಹುದಿತ್ತು” ಎಂದಳು. ಪತ್ರೊಡೆ ಬೇಯುವ ಮೊದಲೇ, ಐರೋಲಿಯಲ್ಲಿ ನೀರು ಬರುವ ಹೊತ್ತಾಯಿತೆಂದು ಎದ್ದು ಹೋದಳು.

ಕುಶಲಣ್ಣ ಚಪ್ಪಲಿ ಹಾಕಲೂ ಮರೆತು ಸ್ಟುಡಿಯೊಗೆ ಓಡಿದ.

“ಯಾರು ಹೇಳಿದ್ದಾ ಇದನ್ನು ತೆಗಿಲಿಕ್ಕೆ?”

ರಂಜನ್ ಪರದೆಯಿಂದ ಕಣ್ಣು ಎತ್ತಲಿಲ್ಲ. “ಪಾರ್ಟಿ ಹೇಳಿದ್ರು, ಕುಶಲಣ್ಣ.”

“ಯಾವ ಪಾರ್ಟಿ?”

“ಪಾರ್ಟಿ ಹೆಸರು ಹೇಳ್ಬಾರ್ದು ಅಂತ ನೀವೇ ಹೇಳಿದ್ದಲ್ಲಾ.”

ಇಲ್ಲೇ ಕುಶಲಣ್ಣ ಎಡವಿದ್ದು. ಸ್ಟುಡಿಯೊ ಅವನದು, ಮಗಳು ಅವನವಳು. ತನ್ನ ಮನೆಯೇ ಪಾರ್ಟಿಯಾಗುವುದು ಹೇಗೆ? ಪಾರ್ಟಿ ಅಂದರೆ ಹೊರಗಿನವರು, ಅಂದರೆ ಗಂಡಿನ ಕಡೆಯವರು, ಅಂದರೆ ಯತಿನನ ಅಮ್ಮ. ಅವನ ಲೆಕ್ಕ ಅಷ್ಟರಲ್ಲಿ ಮುಗಿಯಿತು. ಬೀಗಿತ್ತಿಯನ್ನು ಬೈಯುವಂತಿಲ್ಲ, ಮಗಳ ಸಂಸಾರದ ಪ್ರಶ್ನೆ. ಆದ್ದರಿಂದ ಬೈಗುಳವೆಲ್ಲ ರಂಜನನ ಪಾಲಿಗೆ ಬಂತು. “ನನ್ನ ಅಕ್ಕನನ್ನು ಅಳಿಸುವಾಗ ನನಗೊಂದು ಮಾತು ಹೇಳ್ಲಿಕ್ಕೆ ನಿನ್ನ ನಾಲಿಗೆ ಬಿದ್ದುಹೋಗಿತ್ತಾ? ಉಂಡ ಮನೆಗೆ ಎರಡು ಬಗೆದವ ನೀನು. ಏಳು, ನಡಿ!” ರಂಜನ್ ಕನ್ನಡಕ ಒರೆಸಿಕೊಂಡು, ತಿಂಡಿ ಡಬ್ಬಿ ಚೀಲಕ್ಕೆ ಹಾಕಿಕೊಂಡು ನಡೆದ.

ಫೋನಿನಲ್ಲಿ ಅಕ್ಕನ ಮಾತು ಆಮೇಲೆ ಚಿಕ್ಕದಾಗುತ್ತ ಹೋಯಿತು. ಕುಶಲಣ್ಣ ಐರೋಲಿಗೆ ಹೋದರೆ ಚಹಾ ಕೊಡುತ್ತಾಳೆ, ಸೊಸೈಟಿಯ ಲಿಫ್ಟ್ ಕೆಟ್ಟ ಸುದ್ದಿ ಹೇಳುತ್ತಾಳೆ. “ನಾನಲ್ಲ ಅಕ್ಕ, ನನ್ನಾಣೆ” ಅಂದರೆ “ಆಯ್ತು ಮಾರಾಯ, ಬಿಡು” ಅನ್ನುತ್ತಾಳೆ. ಆ ‘ಬಿಡು’ ಅವನನ್ನು ರೈಲಿನುದ್ದಕ್ಕೂ ಇರಿಯುತ್ತಿತ್ತು. ಅಪ್ಪ ಸತ್ತ ಮೇಲೆ ಬೀಡಿ ಕಟ್ಟಿ ತನ್ನನ್ನು ಹತ್ತನೆಯವರೆಗೆ ಓದಿಸಿದ ಅಕ್ಕ, ತಮ್ಮ ತನ್ನನ್ನು ಅಳಿಸಿದ ಎಂದು ನಂಬಿ ಕುಳಿತಿದ್ದಾಳೆ. ಅವಳು ಒಮ್ಮೆ ‘ನೀನು ಹಾಗೆ ಮಾಡುವವನಲ್ಲ’ ಎಂದುಬಿಡಲಿ, ಬೇರೆ ಏನೂ ಬೇಡ ಎಂದು ಅವನು ಹಂಬಲಿಸಿದ. ಥಾಣೆಗೆ ಹಣ್ಣು ಹಿಡಿದುಕೊಂಡು ಹೋಗಿ ಬೀಗಿತ್ತಿಯ ಮುಖದಲ್ಲಿ ಕಳ್ಳತನ ಹುಡುಕಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಲ್ಲ? ಆಕೆ ಬಿಸಿ ಗೋಳಿಬಜೆ ಬಡಿಸಿ, “ವಸಂತಿಯಕ್ಕ ಹೇಗಿದ್ದಾರೆ? ಮದುವೆ ಆದ ಮೇಲೆ ಕಾಣಲೇ ಇಲ್ಲ” ಎಂದರು. ಎಂಥ ನಾಟಕದ ಹೆಂಗಸು ಎಂದು ಕುಶಲಣ್ಣ ಮನಸ್ಸಿನಲ್ಲೇ ಹಲ್ಲು ಕಡಿದ. ಗೋಳಿಬಜೆ ಮಾತ್ರ ಪೂರ್ತಿ ತಿಂದ.

ಅದೇ ಸಿಟ್ಟಿನಲ್ಲಿ ಅವನು ಡಿಜಿಟಲ್ ಕ್ಯಾಮೆರಾಗಳನ್ನೆಲ್ಲ ಕಲ್ಯಾಣದ ಒಬ್ಬನಿಗೆ ಕೊಟ್ಟುಬಿಟ್ಟ. ಥಾಣೆಯಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಹಳೇ ಸ್ಟುಡಿಯೊದ ಗಾಜಿನ ಕಪಾಟಿನಿಂದ, ಅರುವತ್ತರ ದಶಕದ ಜಪಾನಿನ ರೇಂಜ್‌ಫೈಂಡರ್ ಕ್ಯಾಮೆರಾ ಒಂದನ್ನು ತಂದ. ರೋಲ್ ಹಾಕುವ ಕ್ಯಾಮೆರಾ. ಬ್ಯಾಟರಿ ಇಲ್ಲ, ಹಿಂದೆ ಪರದೆ ಇಲ್ಲ, ಕೈಗೆತ್ತಿಕೊಂಡರೆ ಕಬ್ಬಿಣದ ತುಂಡಿನ ಹಾಗೆ ಭಾರ.

“ರೀಲ್ಸ್ ಕಾಲದಲ್ಲಿ ರೋಲ್ ಹಿಡ್ಕೊಂಡು ಬಂದ್ರಲ್ಲಾ, ನಿಮ್ಮ ಮಂಡೆ ಸಮ ಉಂಟಾ?” ಎಂದಳು ಜಯಲತಾ.

“ನೆಗೆಟಿವಿನಿಂದ ಒಬ್ಬರನ್ನು ತೆಗಿಲಿಕ್ಕೆ ಯಾವ ಪಾರ್ಟಿಗೂ ಆಗುದಿಲ್ಲ. ಅದಕ್ಕೆ” ಎಂದ ಕುಶಲಣ್ಣ. ಜಯಲತಾ ಅಡುಗೆಮನೆಗೆ ನಡೆದಳು. ಹೆಂಡತಿಯನ್ನು ಸೋಲಿಸಿದೆನೆಂದು ಅವನಿಗೆ ಒಳಗೊಳಗೇ ಖುಷಿಯಾಯಿತು.

ಮೊದಲ ರೋಲಿನಲ್ಲಿ ಮರ್ಯಾದೆ ಹೋಯಿತು. ಡೊಂಬಿವಲಿ ಸ್ಟೇಷನ್ನಿನ ಸೇತುವೆ ಮೇಲೆ ನಿಂತು ತೆಗೆದ, ಎಂಐಡಿಸಿಯ ಕಾರ್ಖಾನೆ ಚಿಮಣಿಗಳನ್ನು ತೆಗೆದ. ಮೂವತ್ತಾರು ಫೋಟೊ ಮುಗಿದರೂ ರೋಲ್ ಮುಗಿಯಲಿಲ್ಲ. ಎಂಥ ಬರಕತ್ತಿನ ಕ್ಯಾಮೆರಾ ಎಂದು ಹಿಗ್ಗಿದ. ಬಚ್ಚಲಲ್ಲಿ ಕೂತು ತೊಳೆದರೆ ಪೂರ್ತಿ ಖಾಲಿ. ಫಿಲ್ಮಿನ ತುದಿ ಒಳಗಿನ ಗಾಲಿಗೆ ಕಚ್ಚಿಯೇ ಇರಲಿಲ್ಲ. ಹುಡುಗನಾಗಿದ್ದಾಗ ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸವನ್ನು ಡಿಜಿಟಲ್ ಮರೆಸಿಬಿಟ್ಟಿತ್ತು. ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ಕಾಯುತ್ತಿದ್ದ ಜಯಲತಾಳಿಗೆ, ಕೆಮಿಕಲ್ ಸರಿ ಇಲ್ಲ ಎಂದು ಹೇಳಿದ.

ಆದರೆ ಒಂದೆರಡು ತಿಂಗಳಲ್ಲಿ ಕೈ ಒಗ್ಗಿತು. ಈ ಕ್ಯಾಮೆರಾದಲ್ಲಿ ಕಣ್ಣಿಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಲೆನ್ಸ್ ಬೇರೆ. ಕಿಂಡಿಯ ನಡುವೆ ಹಳದಿ ಚುಕ್ಕೆಯಷ್ಟು ಜಾಗದಲ್ಲಿ ಎದುರಿನವರ ಮುಖ ಎರಡೆರಡಾಗಿ ಕಾಣುತ್ತದೆ. ಉಂಗುರ ತಿರುಗಿಸುತ್ತ ಎರಡನ್ನೂ ಒಂದಕ್ಕೊಂದು ಕೂಡಿಸಬೇಕು. ಇನ್ನೊಂದು ವಿಶೇಷವೂ ಇತ್ತು. ಅವನ ಡಿಜಿಟಲ್ ಕ್ಯಾಮೆರಾದಲ್ಲಿ ಕಣ್ಣಿಟ್ಟರೆ ಫೋಟೊದಲ್ಲಿ ಬರುವುದಷ್ಟೇ ಕಾಣುತ್ತಿತ್ತು, ಉಳಿದ ಲೋಕ ಕತ್ತಲೆ. ಇದರ ಕಿಂಡಿಯಲ್ಲಿ ಫೋಟೊ ಎಷ್ಟೆಂದು ತೋರಿಸುವ ಬಿಳಿ ಗೆರೆಯ ಚೌಕವೊಂದು ತೇಲುತ್ತಿತ್ತು, ಗೆರೆಯ ಆಚೆ ನಿಂತವರೂ ಕಾಣುತ್ತಿದ್ದರು. ಯಾರು ಒಳಗೆ ಬರಲು ನೋಡುತ್ತಿದ್ದಾರೆ, ಯಾರು ಮೂಗು ಕೆರೆಯುತ್ತಿದ್ದಾರೆ, ಎಲ್ಲವೂ ಕಾಣುತ್ತಿತ್ತು. ಇಷ್ಟು ವರ್ಷ ಅರ್ಧ ಕಣ್ಣಿನಲ್ಲಿ ಬದುಕಿದೆ ಎಂದು ಅವನಿಗೆ ಅನಿಸಿತು.

ಮಳೆಗಾಲ ಕಳೆದು ಚಳಿಗಾಲವೂ ಕಳೆಯಿತು. ದಿಶಾಳಿಗೆ ಏಳು ತಿಂಗಳು ತುಂಬಿ ಸೀಮಂತ ನಿಶ್ಚಯವಾಯಿತು. ಕುಶಲಣ್ಣ ಐರೋಲಿಗೆ ಓಡಿದ.

“ಸೀಮಂತಕ್ಕೆ ನನ್ನನ್ನು ಕರೆಯುದಾ? ಬೇಡ ಮಾರಾಯ. ನಾನು ಆಮೇಲೆ ಬಂದು ನೋಡ್ತೇನೆ.”

“ಫೋಟೊಗೊಂದು ನಿಂತು ಹೋಗು ಅಕ್ಕ. ನೀನು, ದಿಶಾ, ಯತಿನ್. ನೆಗೆಟಿವ್ ನಿನ್ನ ಕೈಯಲ್ಲೇ ಕೊಡ್ತೇನೆ. ಅದರಿಂದ ನಿನ್ನನ್ನು ತೆಗಿಲಿಕ್ಕೆ ದೇವರು ಬಂದ್ರೂ ಆಗುದಿಲ್ಲ.”

ಅಕ್ಕ ಬಹಳ ದಿನದ ಮೇಲೆ ನಕ್ಕಳು. “ಹೌದಾ? ಹಾಗಾದ್ರೆ ಬರ್ತೇನೆ. ಮಗುವನ್ನು ಕಣ್ಣು ತುಂಬ ನೋಡದೆ ಎಷ್ಟು ಸಮಯ ಆಯ್ತು.” ಅವಳಿಗೆ ದಿಶಾ ಈಗಲೂ ಮಗುವೇ.

ಸೀಮಂತದ ದಿನ ಹಾಲ್‌ನಲ್ಲಿ ಹತ್ತಾರು ಫೋನುಗಳ ನಡುವೆ ಕುಶಲಣ್ಣ ಹಳೇ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಗಂಭೀರವಾಗಿ ಓಡಾಡಿದ. ಹಿಂದಿನ ಕುರ್ಚಿಯಿಂದ ಅಕ್ಕನನ್ನು ಕೈ ಹಿಡಿದು ತಂದು ದಿಶಾಳ ಪಕ್ಕ ನಿಲ್ಲಿಸಿದ. ಹಸಿರು ಬಳೆ ತೊಟ್ಟು ದಿಶಾ ಫಳಫಳ ಹೊಳೆಯುತ್ತಿದ್ದಳು. ಯತಿನ್ ಸ್ವಲ್ಪ ಸರಿದು ಅಕ್ಕನಿಗೆ ಜಾಗ ಮಾಡಿಕೊಟ್ಟ. “ನೀನೂ ಬಾ” ಅಂದರೆ ಜಯಲತಾ, “ನನಗೆ ಬಡಿಸುವ ಕಡೆ ನೋಡ್ಲಿಕ್ಕುಂಟು” ಎಂದು ಪಕ್ಕಕ್ಕೆ ಸರಿದಳು.

ಕುಶಲಣ್ಣ ಕಿಂಡಿಗೆ ಕಣ್ಣಿಟ್ಟ. ಅಕ್ಕನ ಮುಖ ಎರಡಾಗಿ ಕಂಡಿತು. ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿದ. ಎರಡೂ ಒಂದಾದವು. ಒತ್ತಬೇಕು ಎನ್ನುವಾಗ ಬಿಳಿ ಗೆರೆಯ ಆಚೆ, ಎಡಗಡೆಯಲ್ಲಿ, ಜಯಲತಾ ಕಂಡಳು. ಬಡಿಸುವ ಕಡೆ ಅವಳು ಹೋಗಿಯೇ ಇರಲಿಲ್ಲ. ತನ್ನ ಫೋನು ಎತ್ತಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿ ಮಗಳಿಗೆ ತೋರಿಸುತ್ತಿದ್ದಳು. ಆಮೇಲೆ ಕತ್ತರಿಸಿದರಾಯಿತು, ಸುಮ್ಮನೆ ನಿಲ್ಲು ಎಂದು ಅದರ ಅರ್ಥ. ದಿಶಾ ಅಮ್ಮನ ಕಡೆ ಕತ್ತು ಹೊರಳಿಸಿ, ಗೊತ್ತು ಎನ್ನುವಂತೆ ನಕ್ಕಳು. ಅಕ್ಕ ಮಾತ್ರ ನೇರ ತಮ್ಮನನ್ನು ನೋಡುತ್ತಿದ್ದಳು. ಅಭ್ಯಾಸಬಲದಿಂದ ಬೆರಳು ತಾನಾಗಿ ಒತ್ತಿತು.

ಕುಶಲಣ್ಣ ಆ ದಿನ ಊಟ ಮಾಡಲಿಲ್ಲ. ಬೇಲಿಯೇ ಎದ್ದು ಹೊಲ ಮೇದರೆ ಹೊಲದವನು ಯಾರ ಹತ್ತಿರ ದೂರು ಹೇಳಬೇಕು? ಮರುದಿನ ಬೆಳಿಗ್ಗೆ ರೋಲ್ ತೊಳೆದು, ಒಣಗಿಸಿ, ಕಿಟಕಿಯ ಬೆಳಕಿಗೆ ಹಿಡಿದ. ತಪ್ಪಿ ನೋಡಿದೆನೋ ಎಂಬ ಕೊನೆಯ ಆಸೆಯೂ ಹೋಯಿತು. ಮಗಳ ನಗು ಗೆರೆಯಿಂದ ಆಚೆ, ಅಮ್ಮನಿದ್ದ ಕಡೆಗೆ, ಹೋಗುತ್ತಿದ್ದುದು ನೆಗೆಟಿವಿನಲ್ಲೂ ಸ್ಪಷ್ಟವಿತ್ತು. ಅಡುಗೆಮನೆಗೆ ಹೋಗಿ ನಿಂತ. ಜಯಲತಾ ಅಲಸಂಡೆ ಕೊಯ್ಯುತ್ತಿದ್ದಳು.

“ಆಲ್ಬಮ್ಮಿನ ಪಾರ್ಟಿ ನೀನಾ?”

ಕತ್ತಿ ಒಂದು ಕ್ಷಣ ನಿಂತು ಮತ್ತೆ ನಡೆಯಿತು. “ದಿಶಾ ಹೇಳಿದ್ಲು. ನಾನು ಹೂಂ ಅಂದೆ.”

“ಯತಿನನ ಅಮ್ಮ ಹೇಳಿದ್ರಾ?”

“ಅವರು ಪಾಪ, ಏನೂ ಹೇಳ್ಲಿಲ್ಲ. ನಾಳೆ ಯಾರಾದ್ರೂ ಹೇಳಿದ್ರೆ ಅಂತ. ಮೊದಲನೇ ಫೋಟೊದಲ್ಲೇ ಅಪಶಕುನ ಯಾಕೆ ಅಂತ.”

“ಮತ್ತೆ ರಂಜನ್? ಅವನನ್ನು ನಾನು ಓಡಿಸುವಾಗ ನೀವಿಬ್ಬರೂ ಎಲ್ಲಿದ್ರಿ?”

“ನೀವು ಅಷ್ಟು ದೊಡ್ಡ ರಾಮಾಯಣ ಮಾಡ್ತೀರಿ ಅಂತ ಯಾರಿಗೆ ಗೊತ್ತಿತ್ತು? ಆಮೇಲೆ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ.”

ಮಾತು ಕೇಳಿ ಒಳಗಿನಿಂದ ದಿಶಾ ಬಂದಳು. ಸೊಂಟಕ್ಕೆ ಕೈ ಕೊಟ್ಟು ನಿಂತು, “ಪಪ್ಪಾ, ಪ್ಲೀಸ್. ಏಕ್ ಫೋಟೊ ಹೀ ತೋ ಹೈ. ಮಾಮಿಗೆ ಹೇಳ್ಬೇಡಿ ಹಾಂ, ಉನ್ಕೋ ಬುರಾ ಲಗೇಗಾ” ಎಂದಳು. ಒಂದು ಫೋಟೊ ಅಷ್ಟೇ ಅಂತೆ, ಮಾಮಿಗೆ ಬೇಸರವಾಗುತ್ತದಂತೆ! ಕುಶಲಣ್ಣನಿಗೆ ಕೂಗಬೇಕೆನಿಸಿತು, ಆಲ್ಬಮ್ ಹರಿದು ಹಾಕಬೇಕೆನಿಸಿತು. ತುಂಬಿದ ಬಸುರಿಯ ಮುಂದೆ ಕೂಗಾಡುವಂತಿಲ್ಲವೆಂದು ಹೊರಗೆ ನಡೆದ. ರಂಜನನಿಗೆ ಫೋನು ಮಾಡಿದ. ಕಲ್ಯಾಣದ ಒಂದು ಲ್ಯಾಬಿನಲ್ಲಿದ್ದ ಅವನು, “ಆಯ್ತು ಕುಶಲಣ್ಣ, ಗೊತ್ತಾಯ್ತಲ್ಲಾ, ಸಾಕು” ಎಂದ. “ವಾಪಸ್ಸು ಬಾ” ಎಂದದ್ದಕ್ಕೆ “ಈಗ ಇಲ್ಲೇ ಸರಿ ಉಂಟು” ಎಂದ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದುಂಟೇ?

ಉಳಿದವಳು ಅಕ್ಕ ಒಬ್ಬಳು. ಎಲ್ಲ ಹೇಳಿಬಿಡುವುದೆಂದು ನಿಶ್ಚಯಿಸಿ, ನೆಗೆಟಿವನ್ನು ಲಕೋಟೆಯಲ್ಲಿಟ್ಟು ಅಂಗಿಯ ಜೇಬಿಗೆ ಹಾಕಿಕೊಂಡು ಐರೋಲಿಯ ರೈಲು ಹಿಡಿದ. ಮಗಳ ಹೆಸರು ಹೇಳದೆ ತಾನು ನಿರಪರಾಧಿಯಾಗುವಂತಿಲ್ಲ. ಹೇಳಿದರೇನು? ಅವರು ಮಾಡಿದ್ದನ್ನು ಅವರೇ ಉಣ್ಣಲಿ. ಥಾಣೆಯಲ್ಲಿ ಗಾಡಿ ಬದಲಿಸುವಾಗಲೂ ಅವನ ನಿಶ್ಚಯ ಗಟ್ಟಿಯಿತ್ತು.

ಅಕ್ಕ ನೆಲದ ಮೇಲೆ ಕುಳಿತು ಸೂಜಿ ದಾರ ಹಿಡಿದಿದ್ದಳು. ತನ್ನ ಹಳೇ ನೂಲಿನ ಸೀರೆಗಳನ್ನು ಹರಿದು, ಎರಡು ಪದರ ಮಾಡಿ, ಹುಟ್ಟಲಿರುವ ಕೂಸಿಗೆ ಸುತ್ತುವ ಬಟ್ಟೆ ಹೊಲಿಯುತ್ತಿದ್ದಳು. ಪಕ್ಕದಲ್ಲಿ ಹೊಲಿದಿಟ್ಟದ್ದರ ಒಂದು ರಾಶಿಯೇ ಇತ್ತು.

“ನೆಗೆಟಿವ್ ತಂದಿಯಾ?” ಎಂದು ಆಸೆಯಿಂದ ಕೇಳಿದಳು.

ಕುಶಲಣ್ಣನ ಕೈ ಜೇಬಿನವರೆಗೆ ಹೋಗಿ ಅಲ್ಲೇ ನಿಂತಿತು. “ಇಲ್ಲ ಅಕ್ಕ. ರೋಲ್ ತೆಗೆಯುವಾಗ ಬೆಳಕು ಬಿತ್ತು. ಎಲ್ಲ ಹಾಳಾಯ್ತು.”

“ಹೋಗ್ಲಿ ಬಿಡು” ಎಂದಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ತಮ್ಮನ ಮುಖ ನೋಡದೆಯೇ ಕೇಳಿದಳು: “ಒಂದು ಕೇಳ್ತೇನೆ ಕುಶಲ, ಸಿಟ್ಟು ಮಾಡ್ಬೇಡ. ಆಲ್ಬಮ್ಮಿಂದ ನನ್ನನ್ನು ತೆಗಿಲಿಕ್ಕೆ ಹೇಳಿದ್ದು ನಮ್ಮ ಮಗುವಾ?”

ಆ ಬಟ್ಟೆಯ ರಾಶಿಯ ಮುಂದೆ ಕುಶಲಣ್ಣನಿಗೆ ಹೌದು ಎನ್ನಲಾಗಲಿಲ್ಲ.

“ಅವಳಲ್ಲ ಅಕ್ಕ. ನಾನೇ ಹೇಳಿದ್ದು.”

ಹೇಳಿಬಿಟ್ಟು ಅವನು ಕಾದ. ಸುಳ್ಳು ಹೇಳಬೇಡ ಮಾರಾಯ, ನಿನ್ನನ್ನು ಎತ್ತಿ ಆಡಿಸಿದವಳು ನಾನು, ನೀನು ಹಾಗೆ ಮಾಡುವವನಾ ಎಂದು ಅವಳು ಗದರಿಯಾಳು ಎಂದು ಕಾದ.

ಅಕ್ಕ ಉದ್ದಕ್ಕೆ ಉಸಿರು ಬಿಟ್ಟಳು. ಮುಖ ಅರಳಿತು. “ಹಾಗೆ ಹೇಳು ಮತ್ತೆ! ಇಷ್ಟು ದಿನ ಅವಳೋ ಏನೋ ಅಂತ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗೆ ಆಗಿತ್ತು. ನೀನಾದ್ರೆ ಸಾರ ಇಲ್ಲ ಮಾರಾಯ, ಬೇಜಾರೇ ಇಲ್ಲ.”

ಎದ್ದು ಹೋಗಿ ಚಹಾಕ್ಕೆ ನೀರಿಟ್ಟಳು. ದಿಶಾಳಿಗೆ ಫೋನು ಹಚ್ಚಿ, ಬಟ್ಟೆ ತಯಾರಾಗಿದೆ, ಅಪ್ಪನ ಕೈಯಲ್ಲಿ ಕಳಿಸುತ್ತೇನೆ ಎಂದು ನಗುನಗುತ್ತ ಹೇಳಿದಳು. ಕುಶಲಣ್ಣ ನೆಲದ ಮೇಲೆ ಕುಳಿತೇ ಇದ್ದ. ಅಕ್ಕನಿಗೆ ಅವನ ಮೇಲೆ ಒಂದಿಷ್ಟೂ ಸಿಟ್ಟು ಬಂದಿರಲಿಲ್ಲ. ಕೇಳಿದೊಡನೆ ನಂಬಿದ್ದಳು.